ಕುಡಿಕೆ ಹೊನ್ನಿನ ಲೆಕ್ಕ

ದುಡಿಮೆ ಮನುಷ್ಯನಿಗೆ ವರವೋ ಶಾಪವೋ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಆದರೆ ಈ ಪ್ರಶ್ನೆ ಈಗ ಹೊಸ ವೇಷ ತೊಟ್ಟು ನಮ್ಮ ಮನೆಗಳ ಹೊಸ್ತಿಲಿಗೆ ಬಂದು ನಿಂತಿದೆ. ಅರವತ್ತು ತುಂಬಿದಾಗ ಹಾರ ಹಾಕಿಸಿಕೊಂಡು, ಗಡಿಯಾರವೊಂದನ್ನು ಕಾಣಿಕೆಯಾಗಿ ಪಡೆದು ಮನೆಗೆ ಮರಳಿದ ತಂದೆಯ ಎದುರಿಗೆ ಮೂವತ್ತೈದರ ಮಗ ಕುಳಿತು, ‘ಅಪ್ಪಾ, ಇನ್ನು ನಾಲ್ಕೈದು ವರ್ಷ ದುಡಿದು ನಾನೂ ನಿವೃತ್ತನಾಗುತ್ತೇನೆ’ ಎನ್ನುವ ಕಾಲವಿದು. ತಂದೆಗೆ ದಿಗಿಲು, ತಾಯಿಗೆ ಕಣ್ಣೀರು, ನೆರೆಹೊರೆಯವರಿಗೆ ಆಡಿಕೊಳ್ಳಲು ಒಂದು ಮಾತು. ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ, ಕಡಲಾಚೆಯ ಊರುಗಳಲ್ಲಿ ಕಂಪ್ಯೂಟರ್ ಮುಂದೆ ಕುಳಿತು ದುಡಿಯುವ ನಮ್ಮ ಮಕ್ಕಳಲ್ಲಿ ಈ ಮಾತು ಈಗ ಅಪರೂಪವಾಗಿ ಉಳಿದಿಲ್ಲ. ಆದ್ದರಿಂದ ಇದನ್ನು ಹುಡುಗಾಟವೆಂದು ತಳ್ಳಿಹಾಕದೆ, ಫ್ಯಾಷನ್ ಎಂದು ಅಪ್ಪಿಕೊಳ್ಳದೆ, ನಿಧಾನವಾಗಿ ಕುಳಿತು ವಿಚಾರ ಮಾಡುವುದು ನಮ್ಮೆಲ್ಲರ ಕರ್ತವ್ಯವಾಗಿದೆ.

ಈ ವಿಚಾರ ಬೆಳೆದದ್ದು ಅಮೆರಿಕದಲ್ಲಿ. ಜೋ ಡೊಮಿಂಗೆಜ್ ಎಂಬಾತ ನ್ಯೂಯಾರ್ಕಿನ ಹಣಕಾಸು ಪೇಟೆಯಲ್ಲಿ ಕೆಲಸ ಮಾಡುತ್ತಿದ್ದವನು. ತನ್ನ 31ನೆಯ ವಯಸ್ಸಿನಲ್ಲಿಯೇ ಆ ಕೆಲಸಕ್ಕೆ ನಮಸ್ಕಾರ ಹೇಳಿದ. ವಿಕಿ ರಾಬಿನ್ ಎಂಬಾಕೆಯೊಡನೆ ಸೇರಿ ಅವನು ಬರೆದ ‘ಯುವರ್ ಮನಿ ಆರ್ ಯುವರ್ ಲೈಫ್’ ಎಂಬ ಪುಸ್ತಕ 1992ರಲ್ಲಿ ಪ್ರಕಟವಾಯಿತು. ಆ ಪುಸ್ತಕದ ತಿರುಳು ಬಹಳ ಸರಳವಾದದ್ದು. ನಾವು ಖರ್ಚು ಮಾಡುವ ಒಂದೊಂದು ರೂಪಾಯಿಯೂ ನಮ್ಮ ಆಯುಷ್ಯದ ಒಂದಿಷ್ಟು ಹೊತ್ತನ್ನು ತೆತ್ತು ಪಡೆದದ್ದು. ಕೊಂಡ ವಸ್ತು ಆ ಹೊತ್ತಿಗೆ ಸಮನಾದದ್ದೇ ಎಂದು ಕೇಳಿಕೊಳ್ಳಬೇಕು. ಡೊಮಿಂಗೆಜ್ ನೌಕರಿ ಬಿಟ್ಟ ಮೇಲೆ ಕಾಲು ಚಾಚಿ ಮಲಗಲಿಲ್ಲ. 1997ರಲ್ಲಿ ತೀರಿಕೊಳ್ಳುವವರೆಗೂ ಕೂಲಿಯಿಲ್ಲದ ಸೇವೆಯಲ್ಲಿ ತೊಡಗಿದ್ದ. ಇವತ್ತು ಇವನ ದಾರಿಯನ್ನು ಹೊಗಳುವವರು ಅವನು ಬಿಟ್ಟದ್ದನ್ನು ಮಾತ್ರ ನೆನೆಯುತ್ತಾರೆ, ಹಿಡಿದದ್ದನ್ನು ಮರೆಯುತ್ತಾರೆ. ನಮ್ಮ ಮಾತಿಗೆ ಇದೇ ಬೀಜ.

ಮಕ್ಕಳನ್ನು ಸೋಮಾರಿಗಳೆಂದು ಬೈಯುವ ಮೊದಲು ಅವರ ಬದುಕನ್ನು ಒಮ್ಮೆ ನೋಡಬೇಕು. ನಮ್ಮ ದೇಶದ ಕಾರ್ಖಾನೆ ಕಾನೂನು ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನು ಹಾಕಿಕೊಟ್ಟು ಎಷ್ಟೋ ಕಾಲವಾಯಿತು. ಹೀಗಿದ್ದರೂ 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಾದ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದರು; ಅದು ದೇಶದ ತುಂಬ ಚರ್ಚೆಯಾಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೆಳಿಗ್ಗೆ ಸಂಜೆ ವಾಹನಗಳ ಸಾಲಿನಲ್ಲಿ ಸಿಕ್ಕಿ ನಲುಗುವ ಹೊತ್ತು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ರಾತ್ರಿ ಅಮೆರಿಕದ ಯಜಮಾನನಿಗೆ ಹಗಲಾದಾಗ ಇವರು ಎದ್ದು ಕೂರಬೇಕು. ಮಗು ಮಾತು ಕಲಿತದ್ದು ತಂದೆಗೆ ತಿಳಿಯದು. ನಲವತ್ತು ದಾಟಿದರೆ ಕಡಿಮೆ ಸಂಬಳದ ಹುಡುಗನೊಬ್ಬ ತನ್ನ ಜಾಗಕ್ಕೆ ಬಂದಾನೆಂಬ ಅಂಜಿಕೆ ಬೇರೆ. ಇಂಥ ದುಡಿಮೆಯಿಂದ ಪಾರಾಗಬೇಕೆಂದು ಒಂದು ಜೀವ ಹಂಬಲಿಸಿದರೆ ಅದು ಅಪರಾಧವಲ್ಲ.

ಆದರೆ ಹಂಬಲವೇ ವಿವೇಕವಲ್ಲ. ನಮ್ಮ ಹಿರಿಯರು ಪ್ರಸವ ವೈರಾಗ್ಯ, ಪುರಾಣ ವೈರಾಗ್ಯ, ಸ್ಮಶಾನ ವೈರಾಗ್ಯ ಎಂದು ಮೂರು ಬಗೆಯ ಕ್ಷಣಿಕ ವೈರಾಗ್ಯಗಳನ್ನು ಹೇಳಿ ನಗುತ್ತಿದ್ದರು. ಹೆರಿಗೆಯ ನೋವಿನಲ್ಲಿ ಬಂದದ್ದು ಮಗುವಿನ ಮುಖ ಕಂಡಾಗ ಹೋಗುತ್ತದೆ. ಪುರಾಣ ಕೇಳುವಾಗ ಬಂದದ್ದು ಪ್ರಸಾದದ ಸಾಲಿನಲ್ಲಿ ನಿಂತಾಗ ಹೋಗುತ್ತದೆ. ಸ್ಮಶಾನದಲ್ಲಿ ಬಂದದ್ದು ಮನೆಗೆ ಬಂದು ಸ್ನಾನ ಮಾಡಿದರೆ ಹೋಗುತ್ತದೆ. ಈಗ ಇವುಗಳ ಸಾಲಿಗೆ ‘ಆಫೀಸು ವೈರಾಗ್ಯ’ ಎಂಬ ನಾಲ್ಕನೆಯದನ್ನು ಸೇರಿಸಬೇಕಾಗಿದೆ. ಭಾನುವಾರ ಸಂಜೆ ಹುಟ್ಟಿ, ತಿಂಗಳ ಕೊನೆಯಲ್ಲಿ ಸಂಬಳ ಬಂದೊಡನೆ ಅಡಗುವ ವೈರಾಗ್ಯವದು! ಮೇಲಧಿಕಾರಿಯ ಮೇಲಿನ ಸಿಟ್ಟಿಗೆ ನೌಕರಿ ಬಿಡುವವನಿಗೆ ಬೇಕಾದದ್ದು ಬೇರೆ ನೌಕರಿ, ನಿವೃತ್ತಿಯಲ್ಲ. ದೇಹ ದಣಿದವನಿಗೆ ಬೇಕಾದದ್ದು ಆರು ತಿಂಗಳ ವಿಶ್ರಾಂತಿ, ಐವತ್ತು ವರ್ಷಗಳ ವಿಶ್ರಾಂತಿಯಲ್ಲ. ತಾನು ಯಾವುದರಿಂದ ಓಡುತ್ತಿದ್ದೇನೆ, ಯಾವುದರ ಕಡೆಗೆ ನಡೆಯುತ್ತಿದ್ದೇನೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಸಿಕ್ಕಿದ ಮೇಲೆಯೇ ಮುಂದಿನ ಲೆಕ್ಕ.

‘ಕೂತು ಉಂಡರೆ ಕುಡಿಕೆ ಹೊನ್ನು ಸಾಲದು’ ಎಂಬುದು ನಮ್ಮ ಗಾದೆ. ಆ ಕುಡಿಕೆ ಎಷ್ಟು ದೊಡ್ಡದಿರಬೇಕು ಎಂದು ಈ ಕಾಲದವರು ಲೆಕ್ಕ ಹಾಕಿದ್ದಾರೆ. 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1926ರಿಂದೀಚಿನ ಆ ದೇಶದ ಷೇರು ಮತ್ತು ಸಾಲಪತ್ರಗಳ ಗಳಿಕೆಯನ್ನು ಪರಿಶೀಲಿಸಿ ಒಂದು ಸೂತ್ರ ಕೊಟ್ಟ. ಕೂಡಿಟ್ಟ ಹಣದಲ್ಲಿ ಮೊದಲ ವರ್ಷ ಶೇಕಡಾ 4ರಷ್ಟು ತೆಗೆದು, ಮುಂದೆ ಬೆಲೆ ಏರಿದಂತೆ ಅಷ್ಟಷ್ಟೇ ಹೆಚ್ಚಿಸಿಕೊಂಡು ಹೋದರೆ 30 ವರ್ಷ ಹಣ ಬರಿದಾಗದು ಎಂಬುದು ಅದರ ಸಾರ. 1998ರಲ್ಲಿ ಟೆಕ್ಸಾಸ್‌ನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರೂ ಇದೇ ದಿಕ್ಕಿನಲ್ಲಿ ಅಧ್ಯಯನ ಮಾಡಿದರು. ಇದರಿಂದಲೇ ‘ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ನಿವೃತ್ತಿ’ ಎಂಬ ಮಾತು ಜನಜನಿತವಾಯಿತು. ತಿಂಗಳಿಗೆ 50 ಸಾವಿರ, ಅಂದರೆ ವರ್ಷಕ್ಕೆ 6 ಲಕ್ಷ ಖರ್ಚು ಮಾಡುವ ಸಂಸಾರಕ್ಕೆ ಒಂದೂವರೆ ಕೋಟಿ.

ಇಲ್ಲಿ ನಮ್ಮ ಮಕ್ಕಳು ಎರಡು ಸಂಗತಿಗಳನ್ನು ಮರೆಯುತ್ತಾರೆ. ಒಂದು, ಅದು ಅಮೆರಿಕದ ಪೇಟೆಯ ಲೆಕ್ಕ, ಭಾರತದ್ದಲ್ಲ. ಎರಡು, ಅದು 30 ವರ್ಷಗಳ ಲೆಕ್ಕ. ಅರವತ್ತೈದರಲ್ಲಿ ನಿವೃತ್ತನಾದವನಿಗೆ ಅದು ತೊಂಬತ್ತೈದರವರೆಗೆ ನೆರಳು. ಮೂವತ್ತೈದರಲ್ಲಿ ನಿವೃತ್ತನಾದವನಿಗೆ ಆ ನೆರಳು ಅರವತ್ತೈದಕ್ಕೇ ಮುಗಿಯುತ್ತದೆ. ದುಡಿಯುವ ಶಕ್ತಿ ಕುಂದಿ, ಔಷಧಿಯ ಖರ್ಚು ಮೊದಲಾಗುವ ಹೊತ್ತಿಗೆ ಸರಿಯಾಗಿ! ಐವತ್ತು ಅರವತ್ತು ವರ್ಷಗಳ ದಾರಿಗೆ ಶೇಕಡಾ 4ರ ಬದಲು 3ರಂತೆ ಹಿಡಿದರೆ 33 ಪಟ್ಟು ಬೇಕು. ಅದೇ ಸಂಸಾರಕ್ಕೆ ಸುಮಾರು 2 ಕೋಟಿ.

ಬೆಲೆಯೇರಿಕೆಯನ್ನು ಅಳೆಯಲು 72ನ್ನು ಹಣದುಬ್ಬರದ ದರದಿಂದ ಭಾಗಿಸಿದರೆ ಸಾಕು. ಶೇಕಡಾ 6ರಂತೆ ಏರಿದರೆ 12 ವರ್ಷಕ್ಕೊಮ್ಮೆ ಖರ್ಚು ದುಪ್ಪಟ್ಟಾಗುತ್ತದೆ. ಮೂವತ್ತೈದರಲ್ಲಿ ತಿಂಗಳಿಗೆ 50 ಸಾವಿರವಾದದ್ದು ನಲವತ್ತೇಳಕ್ಕೆ 1 ಲಕ್ಷ, ಐವತ್ತೊಂಬತ್ತಕ್ಕೆ 2 ಲಕ್ಷ, ಎಪ್ಪತ್ತೊಂದಕ್ಕೆ 4 ಲಕ್ಷ. ಇದು ಐಷಾರಾಮದ ಖರ್ಚಲ್ಲ. ಅದೇ ಅನ್ನ, ಅದೇ ಸಾರು, ಅದೇ ಬಾಡಿಗೆ.

ಬಡ್ಡಿಯನ್ನೇ ನಂಬಿ ಕೂತವರ ಕಥೆ ನಮ್ಮ ಕಣ್ಣೆದುರಿಗೇ ನಡೆದಿದೆ. 2000–01ರಲ್ಲಿ ಸರ್ಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದಾಗ ನಲವತ್ತು ದಾಟಿದ ಎಷ್ಟೋ ಮಂದಿ ಇಡಿಗಂಟು ಪಡೆದು ಹೊರಬಂದರು. 1999ರಲ್ಲಿ ಸಾರ್ವಜನಿಕ ಭವಿಷ್ಯ ನಿಧಿಗೆ ಶೇಕಡಾ 12 ಬಡ್ಡಿ ಇತ್ತು. 2000ದ ಜನವರಿಯಲ್ಲಿ ಅದು 11ಕ್ಕೆ, 2001ರಲ್ಲಿ ಒಂಬತ್ತೂವರೆಗೆ, 2003ರ ಮಾರ್ಚ್ ವೇಳೆಗೆ 8ಕ್ಕೆ ಇಳಿಯಿತು. 2020ರ ಏಪ್ರಿಲಿನಲ್ಲಿ 7.1ಕ್ಕೆ ಬಂತು. ಬ್ಯಾಂಕುಗಳ ಠೇವಣಿ ದರಗಳೂ ಇದೇ ಇಳಿಜಾರಿನಲ್ಲಿ ಜಾರಿದವು. 10 ಲಕ್ಷಕ್ಕೆ ವರ್ಷಕ್ಕೆ 1 ಲಕ್ಷ 20 ಸಾವಿರ ಬಂದೀತೆಂದು ಮಗಳ ಮದುವೆ, ಮಗನ ಓದು ಎಲ್ಲವನ್ನೂ ಅಳೆದಿದ್ದವನ ಕೈಗೆ ಶೇಕಡಾ 8ರಂತೆ ಬಂದದ್ದು 80 ಸಾವಿರ. ಆದರೆ ಅಂಗಡಿಯವನ ದರ ಇಳಿಯಲಿಲ್ಲ. ಷೇರುಪೇಟೆಯನ್ನು ನಂಬುವವರಿಗೂ ಪಾಠ ಉಂಟು. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ 2009ರ ಮಾರ್ಚಿನಲ್ಲಿ 8 ಸಾವಿರದ ಚಿಲ್ಲರೆಗೆ ಕುಸಿದಿತ್ತು. ಮುಂದೆ ಏರಿದ್ದು ನಿಜ. ಆದರೆ ಸಂಬಳವಿದ್ದವನು ಏರುವವರೆಗೆ ಕಾಯಬಲ್ಲ. ಸಂಬಳ ಬಿಟ್ಟವನು ಕುಸಿದ ಬೆಲೆಗೇ ಮಾರಿ ಹೊಟ್ಟೆ ಹೊರೆಯಬೇಕು. ನಿವೃತ್ತಿಯ ಮೊದಲ ಐದಾರು ವರ್ಷಗಳಲ್ಲಿ ಇಂಥ ಪೆಟ್ಟು ಬಿದ್ದರೆ ಕುಡಿಕೆ ಮತ್ತೆ ತುಂಬುವುದು ಕಷ್ಟ.

ಇನ್ನು ಪಿಂಚಣಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 10 ವರ್ಷ ಸೇವೆ ಸಲ್ಲಿಸಿದವರಿಗೆ 58ನೆಯ ವಯಸ್ಸಿನಲ್ಲಿ ಪಿಂಚಣಿ ಉಂಟು. ಆದರೆ ಅದಕ್ಕೆ ಲೆಕ್ಕ ಹಿಡಿಯುವ ಸಂಬಳಕ್ಕೆ 2014ರ ಸೆಪ್ಟೆಂಬರಿನಲ್ಲಿ 15 ಸಾವಿರದ ಮಿತಿ ನಿಗದಿಯಾಯಿತು. ಆ ಮಿತಿಯಲ್ಲಿ 12 ವರ್ಷ ದುಡಿದು ಬಿಟ್ಟವನಿಗೆ ಬರುವುದು ತಿಂಗಳಿಗೆ ಸುಮಾರು 2,570 ರೂಪಾಯಿ. ಆ ಮಿತಿಗಿಂತ ಹೆಚ್ಚಿನ ಮೂಲವೇತನದೊಡನೆ ಅನಂತರ ಮೊದಲ ನೌಕರಿಗೆ ಸೇರಿದವರಿಗಂತೂ ಆ ಯೋಜನೆಯ ಬಾಗಿಲೇ ತೆರೆಯಲಿಲ್ಲ. ಕಂಪನಿಯ ವೈದ್ಯಕೀಯ ವಿಮೆ ನೌಕರಿಯೊಡನೆಯೇ ಹೋಗುತ್ತದೆ. ಸ್ವಂತ ವಿಮೆ ಮಾಡಿಸಿದರೆ ಮೊದಲಿನಿಂದ ಇದ್ದ ರೋಗಗಳಿಗೆ ಮೂರು ವರ್ಷದವರೆಗೂ ಕಾಯಿಸಲು ವಿಮಾ ಕಂಪನಿಗಳಿಗೆ ನಿಯಮವೇ ಅವಕಾಶ ಕೊಡುತ್ತದೆ. ಆದ್ದರಿಂದ ನೌಕರಿ ಬಿಡಬೇಕೆಂದಿರುವವನು ಬಿಡುವ ಮೂರು ನಾಲ್ಕು ವರ್ಷ ಮೊದಲೇ ತನಗೂ ಮಡದಿ ಮಕ್ಕಳಿಗೂ ಸ್ವಂತ ವಿಮೆ ಮಾಡಿಸಿರಬೇಕು. ಇಷ್ಟು ಮಾಡದೆ ರಾಜೀನಾಮೆ ಬರೆಯುವುದು ಛತ್ರಿಯನ್ನು ಸುಟ್ಟು ಚಳಿ ಕಾಯಿಸಿಕೊಂಡಂತೆ.

ಇಷ್ಟೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಈ ಲೆಕ್ಕದಲ್ಲಿಯೇ ಒಂದು ಬೆಳಕೂ ಇದೆ. ಹಣದುಬ್ಬರವನ್ನು ಕಳೆದು ವರ್ಷಕ್ಕೆ ಶೇಕಡಾ 5 ಗಳಿಕೆ ಉಳಿಯುವುದೆಂದು ಇಟ್ಟುಕೊಳ್ಳೋಣ. ಸಂಬಳದ ಹತ್ತನೆಯ ಒಂದು ಭಾಗ ಉಳಿಸುವವನು ತನ್ನ ಖರ್ಚಿನ 25 ಪಟ್ಟು ಕೂಡಿಹಾಕಲು 51 ವರ್ಷ ಬೇಕು. ಅರ್ಧ ಉಳಿಸುವವನಿಗೆ ಸುಮಾರು 17 ವರ್ಷ ಸಾಕು. 33 ಪಟ್ಟಿಗಾದರೆ 20 ವರ್ಷ. ಇಲ್ಲಿ ಸಂಬಳ ಲಕ್ಷವೋ ಮೂರು ಲಕ್ಷವೋ ಎಂಬ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ಬಂದದ್ದರಲ್ಲಿ ಎಷ್ಟು ಪಾಲು ‘ಸಾಕು’ ಎಂದುಕೊಂಡೆವು ಎಂಬುದೊಂದೇ ಲೆಕ್ಕ. ಹೊಸ ಕಾರು, ಅದಕ್ಕಿಂತ ದೊಡ್ಡ ಕಾರು, ಸಾಲದ ಫ್ಲಾಟು, ಪಕ್ಕದವನು ಹೋದನೆಂದು ಕೈಗೊಂಡ ವಿದೇಶ ಪ್ರವಾಸ, ಇವುಗಳನ್ನು ತುಂಬಿಕೊಂಡವನು ಮೂರು ಲಕ್ಷ ಸಂಬಳದಲ್ಲಿಯೂ ಬಂಧಿಯೇ. ‘ಸಾಕು’ ಎಂಬ ಎರಡಕ್ಷರವೇ ಬಿಡುಗಡೆಯ ಬೀಗದಕೈ.

ಈ ಎರಡಕ್ಷರವನ್ನು ಕನ್ನಡ ನಾಡಿಗೆ ಹನ್ನೆರಡನೆಯ ಶತಮಾನದಲ್ಲಿಯೇ ಕಲಿಸಿದವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವಳು ಹಿಗ್ಗಲಿಲ್ಲ; ನಮಗೇಕೆ ಇಷ್ಟು ಎಂದು ಕೇಳಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಪರಂಪರೆ ನೆನೆಯುತ್ತದೆ. ಈ ಕಥೆಯನ್ನು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನೇರವಾಗಿ ನೋಡಿದರೆ ಅದು ಇಬ್ಬರಿಗೂ ಕುಟುಕುತ್ತದೆ. ಅತಿಯಾಗಿ ಗಳಿಸುವವನಿಗೆ ಅದು ‘ಸಾಕು’ ಎನ್ನುತ್ತದೆ. ಐವತ್ತು ವರ್ಷಗಳ ಅಕ್ಕಿಯನ್ನು ಈಗಲೇ ಕಣಜದಲ್ಲಿ ತುಂಬಿ ಬಾಗಿಲು ಹಾಕಿಕೊಳ್ಳುವವನಿಗೂ ‘ಇದೇನು?’ ಎನ್ನುತ್ತದೆ. ಲಕ್ಕಮ್ಮನಿಗೆ ನಾಳೆಯ ಭಯವಿರಲಿಲ್ಲ. ಏಕೆಂದರೆ ನಾಳೆ ದುಡಿಯುವ ಕೈಯೂ ಇತ್ತು, ಕೈ ಸೋತರೆ ಹಿಡಿಯುವ ಕಲ್ಯಾಣವೂ ಸುತ್ತ ಇತ್ತು. ಇಂದಿನ ಗೃಹಸ್ಥನ ಸುತ್ತ ಅಂಥ ಕಲ್ಯಾಣವಿಲ್ಲ. ಆದ್ದರಿಂದ ಅವನು ಕೂಡಿಡುವುದನ್ನು ನಾವು ತಪ್ಪೆನ್ನಲಾರೆವು. ಆದರೆ ಬಂಧುಬಳಗ, ನೆರೆಹೊರೆ, ಊರು ಎಲ್ಲವನ್ನೂ ಕಳೆದುಕೊಂಡು, ಅವೆಲ್ಲದರ ಬದಲಿಗೆ ಒಂದು ಬ್ಯಾಂಕ್ ಖಾತೆಯನ್ನು ಇಟ್ಟುಕೊಂಡಿದ್ದೇವೆ ಎಂಬುದನ್ನು ಮರೆಯಬಾರದು. ಖಾತೆ ಆಸ್ಪತ್ರೆಯ ಬಿಲ್ಲು ಕಟ್ಟೀತು; ಆಸ್ಪತ್ರೆಯ ಮಂಚದ ಪಕ್ಕ ಕೂರಲಾರದು.

ಬಿಟ್ಟ ಮೇಲೆ ಏನು ಮಾಡಬೇಕು? ಇದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ಉದಾಹರಣೆಯಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸೇವೆಯಿಂದ 1908ರಲ್ಲಿ ತಾವಾಗಿಯೇ ನಿವೃತ್ತರಾದಾಗ ಅವರಿಗೆ ಐವತ್ತು ತುಂಬಿರಲಿಲ್ಲ. ಅಲ್ಲಿಗೇ ಅವರು ಸಾಕೆಂದು ಕೂತಿದ್ದರೆ ಒಬ್ಬ ನಿವೃತ್ತ ಎಂಜಿನಿಯರ್ ಆಗಿ ಉಳಿಯುತ್ತಿದ್ದರು. ಆದರೆ ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ ಹೈದರಾಬಾದು ಅವರನ್ನು ಕರೆಯಿತು. 1909ರಲ್ಲಿ ಮೈಸೂರು ಕರೆಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು. 1912ರಿಂದ 1918ರವರೆಗೆ ದಿವಾನಗಿರಿ. ಅನಂತರ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ. 1962ರಲ್ಲಿ ನೂರು ದಾಟಿ ತೀರಿಕೊಳ್ಳುವವರೆಗೂ ಅವರ ಬದುಕಿನಲ್ಲಿ ನಿವೃತ್ತಿಯೆಂದರೆ ಒಂದು ನೌಕರಿಯ ಕೊನೆ ಮಾತ್ರ, ದುಡಿಮೆಯ ಕೊನೆಯಲ್ಲ. ನೌಕರಿಯನ್ನು ಬಿಡಬಹುದು, ಕಾಯಕವನ್ನು ಬಿಡಲಾಗದು ಎಂದು ನಾವು ಹೇಳುವುದು ಇದನ್ನೇ. ಯಾರದೋ ಲಾಭಕ್ಕೆ, ಯಾರದೋ ಗಡುವಿಗೆ ಮಾಡುವುದು ನೌಕರಿ. ಮನಸ್ಸಿಟ್ಟು, ಬೇರೆಯವರಿಗೆ ಉಪಯೋಗವಾಗುವಂತೆ ಮಾಡುವುದು ಕಾಯಕ.

ಆದ್ದರಿಂದ ಪೂರ್ಣ ನಿವೃತ್ತಿಗಿಂತ ಅರೆ ನಿವೃತ್ತಿ ಮೇಲು ಎಂಬುದು ನಮ್ಮ ಅಭಿಪ್ರಾಯ. ಇದು ಲೆಕ್ಕಕ್ಕೂ ಸರಿ, ಲೋಕಕ್ಕೂ ಸರಿ. ವರ್ಷಕ್ಕೆ 6 ಲಕ್ಷ ಬೇಕಾದ ಅದೇ ಸಂಸಾರದ ಯಜಮಾನ ಅರ್ಧ ದಿನ ಪಾಠ ಹೇಳಿಯೋ, ಲೆಕ್ಕಪತ್ರ ಬರೆದೋ, ತನ್ನ ಹಳೆಯ ವಿದ್ಯೆಯನ್ನೇ ಬಿಡಿಯಾಗಿ ಮಾರಿಯೋ ತಿಂಗಳಿಗೆ 30 ಸಾವಿರ ಗಳಿಸಿದನೆನ್ನೋಣ. ಆಗ ಕುಡಿಕೆಯಿಂದ ತೆಗೆಯಬೇಕಾದದ್ದು ವರ್ಷಕ್ಕೆ 2 ಲಕ್ಷ 40 ಸಾವಿರ ಮಾತ್ರ. 33 ಪಟ್ಟು ಹಿಡಿದರೂ 80 ಲಕ್ಷ ಸಾಕು. 2 ಕೋಟಿಯ ಹಿಂದೆ ಓಡಬೇಕಾಗಿಲ್ಲ. ಪೇಟೆ ಕುಸಿದ ವರ್ಷ ಇನ್ನಷ್ಟು ದುಡಿಯಬಹುದು. ಕೈಯಲ್ಲಿ ವಿದ್ಯೆ ತುಕ್ಕು ಹಿಡಿಯುವುದಿಲ್ಲ. ಮಕ್ಕಳೂ ತಂದೆ ದುಡಿಯುವುದನ್ನು ಕಂಡು ಬೆಳೆಯುತ್ತಾರೆ.

ಆದರೆ ನಮ್ಮಲ್ಲಿ ಅರೆ ದುಡಿಮೆಗೆ ಮರ್ಯಾದೆಯಿಲ್ಲ. ಇಡೀ ದಿನ ಅಥವಾ ಏನೂ ಇಲ್ಲ ಎಂಬುದೇ ಬಹುಪಾಲು ಕಂಪನಿಗಳ ನೀತಿ. ನೆದರ್ಲೆಂಡ್ಸ್‌ನಲ್ಲಿ ನೌಕರನು ತನ್ನ ದುಡಿಮೆಯ ಗಂಟೆಗಳನ್ನು ಕಡಿಮೆ ಮಾಡಿಕೊಳ್ಳಲು ಕೇಳುವ ಹಕ್ಕನ್ನು 2000ದಲ್ಲಿಯೇ ಕಾನೂನು ಮಾಡಿ ಕೊಟ್ಟರು. ನಮ್ಮ ಉದ್ಯಮಪತಿಗಳೂ ಸರ್ಕಾರವೂ ಇದನ್ನು ಯೋಚಿಸಬೇಕು. ವಾರಕ್ಕೆ ಮೂರು ದಿನದ ಕೆಲಸ ಸಿಗುವುದಾದರೆ ಹತ್ತು ಹದಿನೈದು ವರ್ಷದ ಅನುಭವವುಳ್ಳ ಎಷ್ಟು ಮಂದಿ ಉಳಿಯುತ್ತಾರೆ! ಹೆರಿಗೆಯಾದ ಮೇಲೆ ಮನೆಯಲ್ಲಿ ಉಳಿದ ಎಷ್ಟು ಹೆಣ್ಣುಮಕ್ಕಳು ಮರಳಿ ಬರುತ್ತಾರೆ! ಕಬ್ಬಿನಿಂದ ರಸ ಹಿಂಡಿದಂತೆ ಹಿಂಡಿ, ಸಿಪ್ಪೆ ಹೊರಗೆ ಬಿದ್ದಾಗ ‘ಯುವಕರಿಗೆ ದುಡಿಮೆಯಲ್ಲಿ ಆಸಕ್ತಿಯಿಲ್ಲ’ ಎಂದು ದೂರುವುದು ನ್ಯಾಯವಲ್ಲ.

ಕೊನೆಯದಾಗಿ ನಿವೃತ್ತಿ ಒಬ್ಬನ ಮಾತಲ್ಲ, ಮನೆಯ ಮಾತು. ಹಿಂದಿನ ಶಾಸ್ತ್ರಕಾರರು ಕೂದಲು ನರೆತು ಮೊಮ್ಮಗನ ಮುಖ ಕಂಡ ಮೇಲೆ ವಾನಪ್ರಸ್ಥ ಎಂದದ್ದು, ಅಷ್ಟರೊಳಗೆ ಸಂಸಾರದ ಋಣಗಳು ತೀರಿರುತ್ತವೆಂದು. ಮೂವತ್ತೈದರಲ್ಲಿ ಅವು ಆಗ ತಾನೆ ಮೊದಲಾಗಿರುತ್ತವೆ. ಸಾಲ ಮಾಡಿ ಓದಿಸಿದ ತಂದೆತಾಯಿಗಳ ಮುಪ್ಪು ಇನ್ನೂ ಮುಂದಿದೆ. ಮಕ್ಕಳ ಓದು ಮುಂದಿದೆ. ಆ ಎರಡಕ್ಕೂ ಪ್ರತ್ಯೇಕ ಗಂಟು ಕಟ್ಟದೆ ತನ್ನ ಖರ್ಚಿಗೆ ಮಾತ್ರ 25 ಪಟ್ಟು ಕಟ್ಟಿಕೊಂಡವನ ಬಿಡುಗಡೆ ಬೇರೆಯವರ ಹೆಗಲ ಮೇಲೆ ನಿಂತಿರುತ್ತದೆ. ಗಂಡ ನಿವೃತ್ತನಾದ ಮನೆಯಲ್ಲಿ ಹೆಂಡತಿಯ ಒಲೆಗೆ ನಿವೃತ್ತಿಯುಂಟೆ ಎಂಬುದನ್ನೂ ಕೇಳಿಕೊಳ್ಳಬೇಕು. ಮನೆಯಲ್ಲಿ ಪಾತ್ರೆ ತೊಳೆಯುವ ತಾಯಿಗೆ ನಿವೃತ್ತಿ ಎಂಬ ಮಾತೇ ಗೊತ್ತಿಲ್ಲ. ಕೈ ಬಿದ್ದ ದಿನವೇ ಅವಳ ನಿವೃತ್ತಿ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯಲ್ಲಿ ಆದಾಯ ತೆರಿಗೆ ಕಟ್ಟದ, 18ರಿಂದ 40 ವರ್ಷದೊಳಗಿನ ಯಾರಾದರೂ ಸೇರಬಹುದು. ಅರವತ್ತರ ಮೇಲೆ ತಿಂಗಳಿಗೆ 1 ಸಾವಿರದಿಂದ 5 ಸಾವಿರದವರೆಗೆ ಖಾತರಿ ಪಿಂಚಣಿ ಉಂಟು. ತನ್ನ ನಿವೃತ್ತಿಯ ಲೆಕ್ಕ ಬರೆಯುವ ಮೊದಲು ಅವಳ ಕಂತನ್ನು ತಾನು ಕಟ್ಟುತ್ತೇನೆಂದು ಒಬ್ಬೊಬ್ಬ ಗೃಹಸ್ಥನೂ ನಿಶ್ಚಯಿಸಿದರೆ ಅದಕ್ಕಿಂತ ದೊಡ್ಡ ದಾಸೋಹವಿಲ್ಲ.

ಯುವಕ ಯುವತಿಯರಿಗೆ ನಮ್ಮ ಮಾತು ಇಷ್ಟೆ. ‘ಸಾಕು’ ಎಂಬುದನ್ನು ಇಪ್ಪತ್ತೈದರಲ್ಲಿಯೇ ಕಲಿಯಿರಿ. ಅರ್ಧ ಉಂಡು ಅರ್ಧ ಉಳಿಸಿ. ಬಿಡುವ ಮೊದಲು ಒಂದು ವರ್ಷ, ಬಿಟ್ಟ ಮೇಲೆ ಬರುವ ಹಣದಲ್ಲಿ ಮಾತ್ರ ಸಂಸಾರ ನಡೆಸಿ ನೋಡಿ. ಮಡದಿಯನ್ನು, ಗಂಡನನ್ನು, ಹೆತ್ತವರನ್ನು ಕೂರಿಸಿಕೊಂಡು ಲೆಕ್ಕವನ್ನು ಬಿಚ್ಚಿ ತೋರಿಸಿ. ಹೆತ್ತವರೂ ‘ಜನ ಏನೆಂದಾರು’ ಎಂಬ ಅಂಜಿಕೆಯನ್ನು ಬದಿಗಿಟ್ಟು ಆ ಲೆಕ್ಕವನ್ನು ಕೇಳಲಿ. ಮರುದಿನ ಬೆಳಿಗ್ಗೆ ಎದ್ದು ಯಾರಿಗಾಗಿ, ಯಾವ ಕೆಲಸಕ್ಕೆ ಕೈ ಹಚ್ಚುತ್ತೀರಿ ಎಂಬುದು ಆ ಲೆಕ್ಕದ ಕೊನೆಯ ಸಾಲಾಗಿರಲಿ. ಆ ಸಾಲು ಬರೆಯಲು ಬಂದವನಿಗೆ ಮೂವತ್ತೈದಾದರೇನು, ಅರವತ್ತಾದರೇನು, ಅವನ ಕುಡಿಕೆ ಬರಿದಾಗದು. ಆ ಸಾಲು ಖಾಲಿ ಉಳಿದವನಿಗೆ ಕೋಟಿ ಹೊನ್ನೂ ಒಂದು ಮಧ್ಯಾಹ್ನದ ಬೇಸರವನ್ನು ಕಳೆಯಲು ಸಾಲದು.